ಕುಸ್ತಿ ಆಡುವ ಹುಡುಗನ ಕೈಗೆ ಮೊದಲು ಒಂದು ವಹಿ ಕೊಡಿ

ಕಳೆದ ತಿಂಗಳು ಒಂದು ಸಂಜೆ ಇಬ್ಬರು ಹುಡುಗರು ನನ್ನ ಅಂಗಡಿಗೆ ಬಂದರು. ಹದಿನೇಳೋ ಹದಿನೆಂಟೋ ವಯಸ್ಸು. ಕಿವಿ ನೋಡಿದ ಕೂಡಲೇ ಕುಸ್ತಿ ಹುಡುಗರು ಅಂತ ಗೊತ್ತಾಯಿತು. ಉಜ್ಜಿ ಉಜ್ಜಿ ಕಿವಿ ಗಂಟು ಕಟ್ಟಿದ್ದವು. ಒಬ್ಬ ಮೊಬೈಲ್ ಮುಂದೆ ಹಿಡಿದ. ಒಂದು ಇಂಜೆಕ್ಷನ್ ಬಾಟಲಿಯ ಫೋಟೊ.

"ಕಾಕಾ, ಇದು ಅದಾ ಏನ್ರಿ?"

ಅದು ಮೆಫೆಂಟರ್ಮೈನ್. ಆಪರೇಷನ್ ನಡೆಯುವಾಗ ರೋಗಿಯ ಬಿಪಿ ಕುಸಿದರೆ ಏರಿಸಲಿಕ್ಕೆ ಕೊಡುವ ಔಷಧ. ಮಲಗಿದ ರೋಗಿಗೆ, ಪಕ್ಕದಲ್ಲಿ ಡಾಕ್ಟರ್ ನಿಂತಿರುವಾಗ ಕೊಡುವಂಥದ್ದು.

"ಯಾರಿಗೆ ಬೇಕೋ ತಮ್ಮಾ?"

"ನನಗೇ ರೀ. ಜಿಮ್‌ನ್ಯಾಗ ಎಲ್ಲಾರೂ ತೊಗೋಳ್ಳಕತ್ತಾರ. ದಮ್ ಜಾಸ್ತಿ ಬರ್ತದಂತ."

ನಾನು ಬೈಯಲಿಲ್ಲ. ಒಳಗೆ ಕರೆದು ಕೂರಿಸಿ ಚಹಾ ತರಿಸಿದೆ. ಅಂಗಡಿ ಮುಚ್ಚುವವರೆಗೂ ಮಾತಾಡಿದೆವು. ಅವತ್ತು ಹೇಳಿದ್ದನ್ನೂ, ಹೇಳಬೇಕಿದ್ದು ಮರೆತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ತಾಲೀಮಿಗೆ ಹೋಗುವ ಹುಡುಗರಿಗೆ, ಅವರ ಅಪ್ಪ ಅಮ್ಮಂದಿರಿಗೆ, ಅವರನ್ನು ತಯಾರು ಮಾಡುವ ಉಸ್ತಾದರಿಗೆ.

ನನ್ನ ಬಗ್ಗೆ ಎರಡು ಮಾತು. ಕಲಬುರಗಿಯ ಆಳಂದ ನಾಕಾ ಹತ್ತಿರ 22 ವರ್ಷದಿಂದ ಮೆಡಿಕಲ್ ಅಂಗಡಿ ನಡೆಸುತ್ತಿದ್ದೇನೆ. ಅದಕ್ಕೂ ಮೊದಲು ನಾನು ಜಾತ್ರೆ ಪೈಲ್ವಾನ. ತೆಂಗಿನಕಾಯಿ ಕುಸ್ತಿಯಿಂದ ಶುರು ಮಾಡಿ ಬೆಳ್ಳಿ ಕಡಗದ ಕುಸ್ತಿವರೆಗೂ ಆಡಿದ್ದೇನೆ. ನನ್ನ ತಮ್ಮ ನನಗಿಂತ ಒಳ್ಳೆಯ ಪೈಲ್ವಾನ ಆಗುತ್ತಿದ್ದ. ಅವನು ಊರ ಮಟ್ಟಿ ಬಿಟ್ಟು ಶಹರದ ಒಂದು ಜಿಮ್ ಸೇರಿದ. ಅಲ್ಲಿ ಯಾರೋ ಮಾತ್ರೆ ಕೊಟ್ಟರು, ಆಮೇಲೆ ಸೂಜಿ ಹಾಕಿದರು. ನಾಲ್ಕು ಹುಡುಗರಿಗೆ ಒಂದೇ ಸೂಜಿ. ಮೂರು ತಿಂಗಳಲ್ಲಿ ಮೈ ಉಬ್ಬಿತು. ಐದನೇ ತಿಂಗಳಿಗೆ ಕಣ್ಣು ಹಳದಿ ಆದವು. ಕಾಮಾಲೆ ಅಂತ ಅವ್ವ ನಾಟಿ ಔಷಧ ಕೊಡಿಸಿದಳು. ಸೂಜಿ ಹಾಕಿದ ಜಾಗದಲ್ಲಿ ಕೀವು ತುಂಬಿ ಆಪರೇಷನ್ ಮಾಡಿಸಬೇಕಾಯಿತು. ಜೀವ ಉಳಿಯಿತು. ಕುಸ್ತಿ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು, "ಏನೇನು ತಗೊಂಡಿದ್ದೀಯಪ್ಪ? ಎಷ್ಟು ದಿನ?" ಅವನಿಗೆ ಗೊತ್ತೇ ಇರಲಿಲ್ಲ. ಮಾತ್ರೆಯ ಹೆಸರು ಗೊತ್ತಿಲ್ಲ. ಸೂಜಿಯ ಹೆಸರು ಗೊತ್ತಿಲ್ಲ. ನಾನು ಅವತ್ತು ವಾರ್ಡಿನ ಹೊರಗೆ ನಿಂತು ಅದನ್ನೇ ಯೋಚಿಸುತ್ತಿದ್ದೆ. ಎಮ್ಮೆಗೆ ಎಷ್ಟು ಹಿಂಡಿ ಹಾಕಿದೆವು ಅಂತ ಮನೆಯಲ್ಲಿ ಲೆಕ್ಕ ಇದೆ. ಈ ಹುಡುಗನ ಬಾಯಿಗೆ ಏನು ಹೋಯಿತು ಅನ್ನೋ ಲೆಕ್ಕ ಯಾರ ಹತ್ತಿರವೂ ಇಲ್ಲ.

ಅದಕ್ಕೇ ವಹಿ, ಅಂದರೆ ಮೈಗೆ ಹೋದ ಔಷಧದ ಲೆಕ್ಕ ಬರೆದಿಡುವ ಪುಸ್ತಕ. ಅದರ ವಿಷಯ ಮುಂದೆ ಹೇಳುತ್ತೇನೆ.

ಮಾತು ಟಿವಿಯಿಂದ ಶುರು ಮಾಡಿ

ಲಿವರ್ ಹಾಳಾಗುತ್ತೆ ಅಂದರೆ ಹುಡುಗರು ಕೇಳುವುದಿಲ್ಲ. ಹದಿನೇಳು ವಯಸ್ಸಿಗೆ ಯಾರಿಗೂ ಲಿವರ್ ನೆನಪಿರುವುದಿಲ್ಲ. ಅವರು ದಿನಾ ಮೊಬೈಲಿನಲ್ಲಿ ನೋಡುವ ಮೈಗಳ ಕಥೆಯಿಂದ ಶುರು ಮಾಡಿ. ಆಗ ಕೇಳುತ್ತಾರೆ.

ನಾನು ಶಾಲೆಗೆ ಹೋಗುವಾಗ ಅಮೆರಿಕದ ಕುಸ್ತಿಯವರ ಕಾರ್ಡ್ ಆಟ ಆಡುತ್ತಿದ್ದೆವು. ಪ್ರತಿ ಕಾರ್ಡಿನ ಮೇಲೂ ಎತ್ತರ, ತೂಕ, ಎದೆ, ಬೈಸೆಪ್ಸ್ ಅಳತೆ. ಯಾರದು ಜಾಸ್ತಿಯೋ ಅವನು ಎದುರಿನವನ ಕಾರ್ಡ್ ಗೆಲ್ಲುತ್ತಿದ್ದ. ನಮ್ಮ ಕಣ್ಣಿಗೆ ಹಲ್ಕ್ ಹೋಗನ್ ದೇವರ ಹಾಗೆ ಇದ್ದ. ತನ್ನ ತೋಳು 24 ಇಂಚು ಅಂತ ಹೇಳಿಕೊಳ್ಳುತ್ತಿದ್ದ. ಮಕ್ಕಳಿಗೆ ಆತ ಹೇಳುತ್ತಿದ್ದ ಬುದ್ಧಿಮಾತು ಏನು ಗೊತ್ತಾ? ವ್ಯಾಯಾಮ ಮಾಡಿ, ಪ್ರಾರ್ಥನೆ ಮಾಡಿ, ವಿಟಮಿನ್ ತಿನ್ನಿ.

1991ರಲ್ಲಿ ಪೆನ್ಸಿಲ್ವೇನಿಯಾದ ಜಾರ್ಜ್ ಜಹೋರಿಯನ್ ಅನ್ನೋ ಡಾಕ್ಟರ್ ಕುಸ್ತಿಯವರಿಗೆ ಮೈ ಬೆಳೆಸುವ ಸ್ಟೆರಾಯ್ಡ್ ಮಾರಿದ್ದಕ್ಕೆ ಕೋರ್ಟಿನಲ್ಲಿ ತಪ್ಪಿತಸ್ಥನಾದ. ಅದೇ ವರ್ಷ ಹೋಗನ್ ಟಿವಿಯಲ್ಲಿ ಕೂತು, ನಾನು ಅಂಥವನಲ್ಲ ಅನ್ನೋ ರೀತಿ ಮಾತಾಡಿದ. ಮೂರು ವರ್ಷ ಕಳೆಯಿತು. 1994ರಲ್ಲಿ ಆ ಟಿವಿ ಕುಸ್ತಿ ನಡೆಸುವ ಕಂಪನಿಯ (ಈಗಿನ ಡಬ್ಲ್ಯೂಡಬ್ಲ್ಯೂಇ) ಮಾಲೀಕ ವಿನ್ಸ್ ಮೆಕ್‌ಮಹೊನ್ ಮೇಲೆ ನ್ಯೂಯಾರ್ಕಿನಲ್ಲಿ ಕೇಸು ನಡೆಯಿತು. ಸಾಕ್ಷಿಕಟ್ಟೆಯಲ್ಲಿ ಪ್ರಮಾಣ ಮಾಡಿದ ಮೇಲೆ ಹೋಗನ್ ಒಪ್ಪಿಕೊಂಡ. ಹತ್ತಕ್ಕೂ ಜಾಸ್ತಿ ವರ್ಷ ಸ್ಟೆರಾಯ್ಡ್ ತೆಗೆದುಕೊಂಡಿದ್ದೆ ಅಂದ. ಮಾಲೀಕನನ್ನು ಜ್ಯೂರಿ ಖುಲಾಸೆ ಮಾಡಿತು, ಅದನ್ನೂ ಹೇಳಲೇಬೇಕು. ಆದರೆ ನಮ್ಮ ಕಾರ್ಡಿನ ಮೇಲಿದ್ದ ಬೈಸೆಪ್ಸ್ ಅಂಕಿ ಎಲ್ಲಿಂದ ಬಂದಿತ್ತು ಅನ್ನೋದು ಬಯಲಾಯಿತು. ವಿಟಮಿನ್ ಅಂತ ನಂಬಿ ನಾವು ಒಣ ರೊಟ್ಟಿ ತಿಂದು ಬೈಠಕ್ ಹೊಡೆಯುತ್ತಿದ್ದೆವು. ಅಷ್ಟೆಲ್ಲ ಹೊಡೆದರೂ ನಮ್ಮ ತೋಳು ಯಾಕೆ ಹಾಗೆ ಆಗುತ್ತಿಲ್ಲ ಅಂತ ಕೊರಗುತ್ತಿದ್ದೆವು. ಈಗಿನ ಹುಡುಗರೂ ಹಾಗೇ ಕೊರಗುತ್ತಾರೆ. ಕಾರ್ಡ್ ಹೋಗಿ ರೀಲ್ಸ್ ಬಂದಿದೆ, ಅಷ್ಟೇ.

ಹೋಗನ್‌ಗಿಂತ ಹಿಂದಿನ ಚಾಂಪಿಯನ್ ಬಿಲ್ಲಿ ಗ್ರಹಾಮ್. ಆ ದೊಡ್ಡ ಮೈಯನ್ನು ಮೊದಲು ಫ್ಯಾಷನ್ ಮಾಡಿದವರಲ್ಲಿ ಒಬ್ಬ. ಆತನ ಸೊಂಟದ ಕೀಲು ಸವೆದು ಬದಲಿಸಬೇಕಾಯಿತು. ಸ್ಟೆರಾಯ್ಡೇ ಕಾರಣ ಅಂತ ಆತನೇ ಎಲ್ಲರ ಮುಂದೆ ಹೇಳಿದ. ಕುಸ್ತಿ ಹುಡುಗರಿಗೆ ಇದನ್ನು ಹೇಳಿದರೆ ತಟ್ಟನೆ ತಲೆ ಎತ್ತುತ್ತಾರೆ. ಸೊಂಟ ಹೋದರೆ ಪೈಲ್ವಾನನ ಹತ್ತಿರ ಏನು ಉಳಿಯಿತು ಅಲ್ವಾ?

2005ರ ನವೆಂಬರ್‌ನಲ್ಲಿ ಅದೇ ಕಂಪನಿಯ ಕುಸ್ತಿಯವ ಎಡ್ಡಿ ಗೆರೆರೊ ಹೋಟೆಲ್ ಕೋಣೆಯಲ್ಲಿ ಹೃದಯದ ತೊಂದರೆಯಿಂದ ಸತ್ತ. ವಯಸ್ಸು 38. ಅದಾದ ಮೇಲೆ, 2006ರ ಫೆಬ್ರವರಿಯಲ್ಲಿ, ಡಬ್ಲ್ಯೂಡಬ್ಲ್ಯೂಇ ಕಂಪನಿ ಔಷಧ ಪರೀಕ್ಷೆಯ ಹೊಸ ನಿಯಮ ತಂದಿತು. 1996ರಲ್ಲಿ ಅದೇ ಕಂಪನಿ ಹಿಂದಿದ್ದ ಪರೀಕ್ಷೆಯನ್ನು ನಿಲ್ಲಿಸಿಬಿಟ್ಟಿತ್ತು. ಹೊಸ ನಿಯಮದಲ್ಲಿ ಮೊದಲ ಸಲ ಸಿಕ್ಕರೆ 30 ದಿನ ಸಸ್ಪೆಂಡ್. ಎರಡನೇ ಸಲ 60 ದಿನ. ಮೂರನೇ ಸಲ ಕೆಲಸದಿಂದ ಹೊರಗೆ. ಅಮೆರಿಕದ ಸಂಸತ್ತಿನ ಸಮಿತಿ ಆಮೇಲೆ ಲೆಕ್ಕ ತೆಗೆಯಿತು. ಪರೀಕ್ಷೆ ಬರುತ್ತೆ ಅಂತ ಮೊದಲೇ ಹೇಳಿದ್ದರೂ ಶುರುವಿನಲ್ಲಿ ಶೇಕಡಾ 40ರಷ್ಟು ಮಂದಿ ಸಿಕ್ಕಿಬಿದ್ದಿದ್ದರು.

ಇನ್ನು 2007ರ ಜೂನ್. ಅದೇ ಕಂಪನಿಯ ಕ್ರಿಸ್ ಬೆನ್ವಾ ತನ್ನ ಹೆಂಡತಿಯನ್ನೂ 7 ವರ್ಷದ ಮಗನನ್ನೂ ಕೊಂದು ತಾನೂ ಸತ್ತ. ಇದನ್ನು ಚಿಕ್ಕ ಮಕ್ಕಳ ಮುಂದೆ ಹೇಳಬೇಡಿ. ದೊಡ್ಡ ಹುಡುಗರಿಗೆ ಹೇಳಿ, ಆದರೆ ಸರಿಯಾಗಿ ಹೇಳಿ. ಸ್ಟೆರಾಯ್ಡಿನಿಂದಲೇ ಹಾಗೆ ಮಾಡಿದ ಅಂತ ಶವಪರೀಕ್ಷೆ ಹೇಳಲಿಲ್ಲ. ತಲೆಗೆ ಬಿದ್ದ ಪೆಟ್ಟುಗಳಿಂದ ಅವನ ಮಿದುಳು ತುಂಬಾ ಹಾಳಾಗಿತ್ತು ಅಂತ ಆಮೇಲೆ ನೋಡಿದ ಡಾಕ್ಟರರು ಹೇಳಿದರು. ಆದರೆ ಅವನ ಮೈಯಲ್ಲಿ ಟೆಸ್ಟೊಸ್ಟಿರಾನ್ ಮಟ್ಟ ತುಂಬಾ ಜಾಸ್ತಿ ಇತ್ತು. ಅದೇ ಏಪ್ರಿಲ್‌ನಲ್ಲಿ ಕಂಪನಿಯ ಪರೀಕ್ಷೆಯಲ್ಲಿ ಅವನು ಪಾಸಾಗಿದ್ದ. ಅವನಿಗೆ ಔಷಧ ಬರೆದುಕೊಡುತ್ತಿದ್ದ ಡಾಕ್ಟರ್‌ಗೆ 2009ರಲ್ಲಿ 10 ವರ್ಷ ಜೈಲಾಯಿತು. ಆ ಡಾಕ್ಟರ್ ಬೇಕಾಬಿಟ್ಟಿ ಔಷಧ ಬರೆಯುತ್ತಿದ್ದ. ಚೀಟಿ ಇದ್ದ ಮಾತ್ರಕ್ಕೆ ಔಷಧ ಒಳ್ಳೆಯದಾಗುವುದಿಲ್ಲ. ಔಷಧ ಮಾರುವವನಾಗಿ ಈ ಮಾತು ಹೇಳುತ್ತಿದ್ದೇನೆ.

2007ರ ಆಗಸ್ಟ್‌ನಲ್ಲಿ ಇಂಟರ್‌ನೆಟ್ ಮೂಲಕ ಔಷಧ ಕಳಿಸುತ್ತಿದ್ದ ಒಂದು ಅಂಗಡಿಯ ಗಿರಾಕಿಗಳ ಹೆಸರು ಹೊರಬಂದು, ಡಬ್ಲ್ಯೂಡಬ್ಲ್ಯೂಇ 10 ಮಂದಿಯನ್ನು ಸಸ್ಪೆಂಡ್ ಮಾಡಿತು. ಆ ವರ್ಷದ ನವೆಂಬರ್‌ನಿಂದ ಸಿಕ್ಕಿಬಿದ್ದವರ ಹೆಸರನ್ನು ಬಹಿರಂಗ ಮಾಡುವುದು ಶುರುವಾಯಿತು. 2016ರಲ್ಲಿ ಕಂಪನಿಯ ಆಗಿನ ದೊಡ್ಡ ಹೆಸರು ರೋಮನ್ ರೇನ್ಸ್‌ಗೂ 30 ದಿನ ಬಿತ್ತು. ಆತ ಕ್ಷಮೆ ಕೇಳಿದ, ತಿಂಗಳ ನಂತರ ವಾಪಸ್ ಬಂದ.

ಇಲ್ಲಿ ಒಂದು ವಿಷಯ ಒತ್ತಿ ಹೇಳಿ. ಅದು ಕಂಪನಿಯ ಆಟ. ಯಾರು ಗೆಲ್ಲಬೇಕು ಅಂತ ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯ ನಿಯಮ ಕಂಪನಿಯದೇ, ಶಿಕ್ಷೆಯೂ ಕಂಪನಿಯದೇ. ನಿಮ್ಮ ಮಗನದು ಆಡಿ ಗೆಲ್ಲುವ ಕುಸ್ತಿ. ಇಲ್ಲಿ ಸಿಕ್ಕಿಬಿದ್ದರೆ 30 ದಿನ ಅಲ್ಲ, ಸ್ಟೆರಾಯ್ಡಿಗೆ 4 ವರ್ಷ. ಹತ್ತೊಂಬತ್ತಕ್ಕೆ ಸಿಕ್ಕರೆ ಇಪ್ಪತ್ಮೂರಕ್ಕೆ ವಾಪಸ್. ಅಷ್ಟರಲ್ಲಿ ಅವನ ಜೋಡಿ ಆಡಿದವರು ರೈಲ್ವೆಯಲ್ಲೋ ಪೊಲೀಸ್‌ನಲ್ಲೋ ನೌಕರಿ ಹಿಡಿದಿರುತ್ತಾರೆ.

ವಹಿ

200 ಪುಟದ ಒಂದು ನೋಟ್‌ಬುಕ್ ತನ್ನಿ. ಮೊಬೈಲಿನಲ್ಲಿ ಬರೆದುಕೊಳ್ಳುತ್ತೇನೆ ಅಂತಾರೆ, ಬೇಡ ಅನ್ನಿ. ಮೊಬೈಲ್ ಒಡೆಯುತ್ತದೆ, ಬದಲಾಗುತ್ತದೆ. ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ದಿನ, ತೂಕ, ಇರುವ ಕಾಯಿಲೆ. ಆಮೇಲೆ ಪ್ರತಿ ಪುಟಕ್ಕೆ ಗೆರೆ ಎಳೆದು ಐದು ಅಂಕಣ ಮಾಡಿ. ತಾರೀಖು. ಏನು ತೆಗೆದುಕೊಂಡೆ. ಯಾಕೆ. ಯಾರು ಕೊಟ್ಟರು. ಬ್ಯಾಚ್ ನಂಬರ್. ಊಟ ಬರೆಯುವುದು ಬೇಡ. ರೊಟ್ಟಿ, ಪುಂಡಿಪಲ್ಯ, ಬೇಳೆ ಬರೆಯುತ್ತಾ ಕೂತರೆ ವಾರದಲ್ಲಿ ಬೇಸರ ಬಂದು ಬಿಟ್ಟುಬಿಡುತ್ತಾನೆ. ಮಾತ್ರೆ, ಸಿರಪ್, ಸೂಜಿ, ಸಲೈನ್, ಪೌಡರ್, ನಾಟಿ ಔಷಧ, ಹಕೀಮರ ಮಾಜೂನು, ಎಣ್ಣೆ, ಮುಲಾಮು ಇಷ್ಟು ಸಾಕು. ಒಂದೇ ಒಂದು ಪ್ಯಾರಾಸಿಟಮಾಲ್ ನುಂಗಿದರೂ ಒಂದು ಸಾಲು. ಮಾತ್ರೆಯ ಖಾಲಿ ಸ್ಟ್ರಿಪ್ ಕತ್ತರಿಸಿ ಆ ಪುಟಕ್ಕೆ ಪಿನ್ ಹೊಡೆದರೆ ಇನ್ನೂ ಒಳ್ಳೆಯದು. ಬಿಲ್ಲೂ ಅಲ್ಲೇ.

ಯಾಕೆ ಇಷ್ಟು ಕಷ್ಟ ಅಂದರೆ, ಆಟಗಾರರ ಡೋಪ್ ಟೆಸ್ಟಿನ, ಅಂದರೆ ನಿಷಿದ್ಧ ಔಷಧ ಹುಡುಕುವ ಪರೀಕ್ಷೆಯ ಮೂಲ ನಿಯಮ ಹೀಗಿದೆ: ನಿನ್ನ ಮೈಯಲ್ಲಿ ಸಿಕ್ಕಿತು ಅಂದರೆ ಜವಾಬ್ದಾರಿ ನಿನ್ನದೇ. ಉಸ್ತಾದ ಕೊಟ್ಟ, ಗೆಳೆಯ ಕೊಟ್ಟ, ಡಾಕ್ಟರ್ ಬರೆದ ಅಂದರೂ ನಡೆಯುವುದಿಲ್ಲ. 2016ರಲ್ಲಿ ನರಸಿಂಗ್ ಯಾದವ್ ರಿಯೊ ಒಲಿಂಪಿಕ್ಸ್‌ಗೆ 74 ಕಿಲೊ ವಿಭಾಗದಲ್ಲಿ ಹೊರಟಿದ್ದರು. ಮೂತ್ರದಲ್ಲಿ ಮೆಥಾಂಡಿಯೆನೋನ್ ಸಿಕ್ಕಿತು. ಜಿಮ್ ಹುಡುಗರು ಡೈನಾಬಾಲ್ ಅಂತಾರಲ್ಲ, ಅದೇ. ನನ್ನ ಊಟದಲ್ಲಿ ಯಾರೋ ಬೆರೆಸಿದ್ದಾರೆ ಅಂತ ಅವರು ಹೇಳಿದರು. ನಮ್ಮ ದೇಶದ ಡೋಪ್ ತಡೆ ಸಂಸ್ಥೆ ನಾಡಾ ಅದನ್ನು ಒಪ್ಪಿ ಬಿಟ್ಟಿತು. ಜಾಗತಿಕ ಸಂಸ್ಥೆ ವಾಡಾ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ಆ ವಾದ ನಿಲ್ಲಲಿಲ್ಲ. ರಿಯೊ ತಲುಪಿ, ಇನ್ನೇನು ಕುಸ್ತಿ ಆಡಬೇಕು ಅನ್ನುವಾಗ 4 ವರ್ಷ ನಿಷೇಧ ಬಿತ್ತು. ಆ ರಾತ್ರಿ ನಾನು ಟಿವಿ ಮುಂದೆ ಕೂತಿದ್ದೆ. ತಮ್ಮನೂ ಪಕ್ಕದಲ್ಲಿದ್ದ. ಅವನು ಎದ್ದು ಹೊರಗೆ ಹೋದ.

ವಹಿ ಇದ್ದರೆ ಶಿಕ್ಷೆ ತಪ್ಪುತ್ತೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ವಸ್ತು ಎಲ್ಲಿಂದ ಬಂತು ಅಂತ ತೋರಿಸಲಿಕ್ಕೆ ಆದರೆ, ಕಲಬೆರಕೆ ಪೌಡರ್‌ನಿಂದ ಬಂತು ಅಂತ ರುಜುವಾತು ಮಾಡಿದರೆ, ಶಿಕ್ಷೆ ಕಡಿಮೆ ಮಾಡುವ ದಾರಿ ನಿಯಮದಲ್ಲೇ ಇದೆ. ರುಜುವಾತು ಮಾಡಬೇಕಾದವನು ಆಟಗಾರ. ಇನ್ನೊಂದು ಲಾಭವೂ ಇದೆ, ನನಗೆ ಅದೇ ದೊಡ್ಡದು. ಬರೆಯಬೇಕು ಅಂದ ಕೂಡಲೇ ಹುಡುಗ ಕೇಳಲು ಶುರು ಮಾಡುತ್ತಾನೆ. "ಅಣ್ಣ, ಇದರ ಹೆಸರೇನು? ವಹಿಯಲ್ಲಿ ಬರೀಬೇಕು." ಹೆಸರು ಹೇಳಲಿಕ್ಕೆ ಹಿಂಜರಿಯುವವನ ಕೈಯಿಂದ ಏನೂ ತೆಗೆದುಕೊಳ್ಳಬಾರದು. ಇಷ್ಟು ಸುಲಭದ ಗುರುತು ಬೇರೆ ಇಲ್ಲ.

ನಮ್ಮ ಕಡೆಯ ಬಲೆಗಳು

ಡೆಕಾ, ಡೈನಾಬಾಲ್, ಸ್ಟಾನೊ ಅಂತ ಸ್ಟೆರಾಯ್ಡಿನ ಹೆಸರು ಹೇಳಿ ತೆಗೆದುಕೊಳ್ಳುವವರ ವಿಷಯ ಬೇರೆ. ಅವರಿಗೆ ಗೊತ್ತಿದ್ದೇ ಮಾಡುತ್ತಾರೆ. ನನಗೆ ಭಯ ಇರುವುದು ಗೊತ್ತಿಲ್ಲದೆ ಸಿಕ್ಕಿಬೀಳುವವರ ಬಗ್ಗೆ.

ಕೆಮ್ಮಿನ ಸಿರಪ್ ನೋಡಿ. ನನ್ನ ಅಂಗಡಿಯ ಕಪಾಟಿನಲ್ಲಿರುವ ಎಷ್ಟೋ ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ. ಕಫ ಕಟ್ಟಿದವರಿಗೆ ಒಳ್ಳೆಯ ಔಷಧ. ಪರೀಕ್ಷೆಗೆ ಒಳಪಡುವ ಆಟಗಾರನಿಗೆ ಅದು ಸದಾ ನಿಷಿದ್ಧ. ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಕಾಣಿಸುತ್ತದೆ. ಯಾರು ಓದುತ್ತಾರೆ? ಉಬ್ಬಸ ಇರುವ ಹುಡುಗ ಸಾಲ್ಬುಟಮಾಲ್ ಪಂಪ್ ಎಳೆದುಕೊಳ್ಳಬಹುದು, ಆದರೆ 24 ಗಂಟೆಗೆ 1600 ಮೈಕ್ರೊಗ್ರಾಂ ಮೀರಬಾರದು. ಅದೇ ಸಾಲ್ಬುಟಮಾಲ್ ಅನ್ನು ಮಾತ್ರೆಯಾಗಿ ನುಂಗಿದರೆ ತಪ್ಪು.

ಎರಡನೆಯದು ಜ್ವರದ ಸೂಜಿ. ನಮ್ಮ ಹಳ್ಳಿಗಳಲ್ಲಿ ಸೂಜಿ ಹಾಕದ ಡಾಕ್ಟರ್ ಡಾಕ್ಟರೇ ಅಲ್ಲ ಅನ್ನೋ ನಂಬಿಕೆ ಇದೆ. ಆ ಸೂಜಿಯಲ್ಲಿ ಎಷ್ಟೋ ಸಲ ಡೆಕ್ಸಾಮೆಥಾಸೋನ್ ಇರುತ್ತದೆ. ಇದು ಮೈ ಬೆಳೆಸುವ ಸ್ಟೆರಾಯ್ಡ್ ಅಲ್ಲ, ಬೇರೆ ಜಾತಿ. ಆದರೂ ಪಂದ್ಯದ ಸಮಯಕ್ಕೆ ಮೂತ್ರದಲ್ಲಿ ಸಿಕ್ಕರೆ ಕೇಸು. "ಮೈ ಬರಲಿ, ಗಲ್ಲ ತುಂಬಲಿ" ಅಂತ ಪುಡಿಕೆಯಲ್ಲಿ ಕಟ್ಟಿಕೊಡುವ ಬಿಡಿ ಮಾತ್ರೆಗಳಲ್ಲೂ ಇದನ್ನು ಹಾಕುತ್ತಾರೆ. ಅದರಿಂದ ಬರುವುದು ಮಾಂಸ ಅಲ್ಲ, ನೀರು. ಸ್ಟ್ರಿಪ್ ಇಲ್ಲದ ಬಿಡಿ ಮಾತ್ರೆ ಯಾರೇ ಕೊಟ್ಟರೂ ಬೇಡ ಅನ್ನಿ. ನಾನು ಕೊಟ್ಟರೂ ಬೇಡ ಅನ್ನಿ.

ಮೂರನೆಯದು ತೂಕ ಇಳಿಸುವುದು. ಈಗ ಪಂದ್ಯದ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂಗೆ ಫೈನಲ್ ಕಳೆದುಕೊಂಡದ್ದು ಎಲ್ಲರಿಗೂ ನೆನಪಿದೆ. ಆ ಭಯಕ್ಕೆ ಹುಡುಗರು ಫ್ಯೂರೊಸೆಮೈಡ್ ನುಂಗುತ್ತಾರೆ. ನಮ್ಮ ಕಡೆ "ಮೂತ್ರದ ಗುಳಿಗೆ" ಅಂತಾರೆ. ಬಿಪಿ ಇರುವ ಅಜ್ಜನ ಡಬ್ಬಿಯಿಂದ ಕದ್ದು ನುಂಗಿದವರನ್ನು ಕಂಡಿದ್ದೇನೆ. ಅದು ಸದಾ ನಿಷಿದ್ಧ. ಬೇರೆ ಔಷಧವನ್ನು ತೊಳೆದು ಹಾಕಲಿಕ್ಕೆ ನುಂಗಿದ್ದಾನೆ ಅಂತ ಅನುಮಾನ ಪಡುತ್ತಾರೆ. ಅದಕ್ಕಿಂತ ದೊಡ್ಡ ಮಾತು, ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ನಮ್ಮ ಕಲಬುರಗಿ ಬಿಸಿಲಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ನೀರು ಬಿಟ್ಟು ಆ ಗುಳಿಗೆ ನುಂಗಿದರೆ ಏನಾಗಬಹುದು ಯೋಚಿಸಿ.

ತೂಕ ಇಳಿಸಿ ಸುಸ್ತಾದ ಮೇಲೆ "ಒಂದು ಸಲೈನ್ ಹಚ್ಚಿಸಿಕೋ" ಅನ್ನುತ್ತಾರೆ. ಅದೂ ಬಲೆಯೇ. 12 ಗಂಟೆಯಲ್ಲಿ 100 ಮಿಲಿಲೀಟರ್‌ಗಿಂತ ಜಾಸ್ತಿ ನರದ ಮೂಲಕ ಹಾಕಿಸಿಕೊಳ್ಳುವಂತಿಲ್ಲ. ನಮ್ಮ ಸಾಮಾನ್ಯ ಬಾಟಲಿಯೇ 500. ನಿಜವಾಗಿ ಕಾಯಿಲೆಯಾಗಿ ಆಸ್ಪತ್ರೆ ಸೇರಿದರೆ ಅದಕ್ಕೆ ವಿನಾಯಿತಿ ಇದೆ, ಸುಮ್ನೆ ಸುಸ್ತಿಗೆ ಇಲ್ಲ. ಹಾಗೇ ಥಂಡಾಯಿ. ಬಾದಾಮಿ, ಗಸಗಸೆ ಹಾಕಿ ಕುಡಿಯಲಿ, ಪೈಲ್ವಾನರ ಪದ್ಧತಿಯೇ ಅದು. ಹೋಳಿ ಹಬ್ಬಕ್ಕೆ ಅದರಲ್ಲಿ ಭಂಗಿ ಅರೆದು ಹಾಕುತ್ತಾರಲ್ಲ, ಅದು ಬೇಡ. ರೂಢಿಯಾಗಿ ಕುಡಿಯುವವರ ಮೂತ್ರದಲ್ಲಿ ವಾರಗಟ್ಟಲೆ ಉಳಿಯುತ್ತದೆ.

ಡಾಕ್ಟರ್ ಹತ್ತಿರ ಹೋದಾಗ ಮೊದಲ ಮಾತೇ ಇದಾಗಿರಲಿ: "ಸರ್, ನಾನು ಕುಸ್ತಿ ಆಡುತ್ತೇನೆ, ನನಗೆ ಡೋಪ್ ಟೆಸ್ಟ್ ಇರುತ್ತದೆ." ಔಷಧದ ಹೆಸರು ಗೊತ್ತಾದ ಮೇಲೆ ನಾಡಾದ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಹುಡುಕಿ. ಬೇರೆ ಔಷಧ ಇಲ್ಲವೇ ಇಲ್ಲ, ನಿಷಿದ್ಧವಾದದ್ದೇ ಬೇಕು ಅಂತಾದರೆ ಚಿಕಿತ್ಸೆಗೆ ವಿನಾಯಿತಿ ಕೇಳುವ ಅರ್ಜಿ ಇದೆ, ಟಿಯುಇ ಅಂತಾರೆ. ಪಂದ್ಯಕ್ಕೆ ಕನಿಷ್ಠ 30 ದಿನ ಮೊದಲು ನಾಡಾಕ್ಕೆ ಕಳಿಸಬೇಕು. ಡಾಕ್ಟರ್ ಚೀಟಿ, ರಿಪೋರ್ಟು ಎಲ್ಲ ಲಗತ್ತಿಸಿ. ವಹಿ ಇದ್ದರೆ ಇದೆಲ್ಲ ಒಂದೇ ಕಡೆ ಸಿಗುತ್ತದೆ.

ಪೌಡರ್ ಡಬ್ಬಿ

ನನ್ನ ಅಂಗಡಿಯಲ್ಲೂ ಪ್ರೊಟೀನ್ ಪೌಡರ್ ಇದೆ, ಮಾರುತ್ತೇನೆ. ಆದರೂ ಹೇಳುತ್ತೇನೆ, ಮೊದಲು ಊಟದ ಲೆಕ್ಕ ಹಾಕಿ. 65 ಕಿಲೊ ಹುಡುಗನಿಗೆ ದಿನಕ್ಕೆ ಸುಮಾರು 100 ಗ್ರಾಂ ಪ್ರೊಟೀನ್ ಇದ್ದರೆ ಚೆನ್ನಾಗಿ ಆಗುತ್ತದೆ. 100 ಗ್ರಾಂ ಶೇಂಗಾದಲ್ಲಿ 25. ನಾಲ್ಕು ಮೊಟ್ಟೆಯಲ್ಲಿ 24. ಅರ್ಧ ಲೀಟರ್ ಹಾಲಿನಲ್ಲಿ 16. ನಮ್ಮದೇ ತೊಗರಿ ಬೇಳೆ 100 ಗ್ರಾಂಗೆ 22. ಮೂರು ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 30. ಕೂಡಿಸಿ ನೋಡಿ, 117 ಆಯಿತು. ತೊಗರಿಯ ಕಣಜ ಅಂತ ಹೆಸರಾದ ಜಿಲ್ಲೆಯಲ್ಲಿ ಕೂತು ಡಬ್ಬಿಗೆ ಮೂರು ಸಾವಿರ ಯಾಕೆ ಕೊಡಬೇಕು? ಮೊಟ್ಟೆ ತಿನ್ನದ ಮನೆಯಾದರೆ ಹಾಲು, ಮೊಸರು, ಕಡಲೆ ಜಾಸ್ತಿ ಮಾಡಿ.

ಆದರೂ ಡಬ್ಬಿ ಬೇಕೇ ಬೇಕು ಅಂದರೆ ಸೀಲ್ ಇರುವುದನ್ನೇ ಬಿಲ್ ಸಮೇತ ತನ್ನಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತೆ ಸಂಸ್ಥೆ) ನಂಬರ್ ನೋಡಿ. ಇನ್ಫಾರ್ಮ್ಡ್ ಸ್ಪೋರ್ಟ್ ಥರದ, ಹೊರಗಿನ ಲ್ಯಾಬಿನವರು ಪರೀಕ್ಷೆ ಮಾಡಿದ ಗುರುತು ಇದ್ದರೆ ಇನ್ನೂ ಒಳ್ಳೆಯದು. ಆದರೆ ಯಾವ ಗುರುತೂ ಪೂರಾ ಗ್ಯಾರಂಟಿ ಅಲ್ಲ. ಜಿಮ್‌ನಲ್ಲಿ ದೊಡ್ಡ ಡಬ್ಬಿಯಿಂದ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಕೊಡುವುದನ್ನು ಮುಟ್ಟಬೇಡಿ. ಡಬ್ಬಿ ಮುಗಿಯುವಾಗ ತಳದಲ್ಲಿ ಎರಡು ಚಮಚ ಬಿಟ್ಟು ಮುಚ್ಚಳ ಬಿಗಿದು ಎತ್ತಿಡಿ. ನಾಳೆ ಏನಾದರೂ ಆದರೆ ಅದನ್ನೇ ಪರೀಕ್ಷೆಗೆ ಕಳಿಸಬೇಕಾಗುತ್ತದೆ.

ಈಗಾಗಲೇ ಶುರು ಮಾಡಿದ್ದರೆ

ತಾಯಂದಿರಿಗೆ ಇದು ಬೇಗ ಗೊತ್ತಾಗುತ್ತದೆ. ಎರಡು ಮೂರು ತಿಂಗಳಲ್ಲಿ ತೂಕ ಒಮ್ಮೆಲೇ ಏರುವುದು. ಬೆನ್ನು, ಭುಜದ ಮೇಲೆ ಮೊಡವೆ. ಹುಡುಗನ ಎದೆ ಹೆಣ್ಣುಮಕ್ಕಳ ಎದೆಯ ಹಾಗೆ ಊದುವುದು. ಸಣ್ಣ ಮಾತಿಗೆ ಸಿಟ್ಟು, ತಾಟು ಎಸೆಯುವುದು. ನಿದ್ದೆ ಇಲ್ಲದಿರುವುದು. ಕುಂಡಿಯ ಮೇಲೆ ಗಂಟು. ಸ್ನಾನದ ಮನೆಯ ಕಿಟಕಿಯಲ್ಲಿ ಸಿರಿಂಜ್ ಕ್ಯಾಪ್. ಇನ್ನೂ ಎತ್ತರ ಬೆಳೆಯುವ ವಯಸ್ಸಿನವನಾದರೆ ಎಲುಬಿನ ತುದಿ ಬೇಗ ಮುಚ್ಚಿಕೊಂಡು ಎತ್ತರ ಅಲ್ಲಿಗೇ ನಿಲ್ಲಬಹುದು.

ಹೊಡೆಯಬೇಡಿ. ನನ್ನ ಅಪ್ಪ ತಮ್ಮನಿಗೆ ಹೊಡೆದ. ಅವನು ಮನೆ ಬಿಟ್ಟು ಅದೇ ಜಿಮ್‌ನಲ್ಲಿ ಮಲಗಲಿಕ್ಕೆ ಶುರು ಮಾಡಿದ. ಆಮೇಲಿನ ಎರಡು ತಿಂಗಳು ಅವನಿಗೆ ಏನು ಹಾಕಿದರೋ ನಮಗೆ ಇವತ್ತಿಗೂ ಗೊತ್ತಿಲ್ಲ. ಕೂರಿಸಿ ಕೇಳಿ. ನೆನಪಿದ್ದಷ್ಟು ವಹಿಯಲ್ಲಿ ಬರೆಸಿ. ಬಾಟಲಿ, ಸ್ಟ್ರಿಪ್ ಸಿಕ್ಕರೆ ಎಸೆಯದೆ ಡಾಕ್ಟರ್‌ಗೆ ತೋರಿಸಿ. ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯ ಒಪಿಡಿಗೆ ಹೋದರೂ ಆಯಿತು. ಲಿವರ್, ಕಿಡ್ನಿ, ಕೊಬ್ಬು, ಬಿಪಿ, ಇಸಿಜಿ ನೋಡಿಸಿ. ಸೂಜಿ ಹಂಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನು ಬಿಡಲೇಬೇಡಿ. ನಾಚಿಕೆಗೆ ಇಲ್ಲಿ ಜಾಗ ಇಲ್ಲ.

ಹೊರಗಿನಿಂದ ಹಾರ್ಮೋನ್ ಬರುವಾಗ ಮೈ ತನ್ನದನ್ನು ಮಾಡುವುದು ನಿಲ್ಲಿಸಿರುತ್ತದೆ. ಹೀಗಾಗಿ ನಿಲ್ಲಿಸಿದ ಮೇಲೆ ಕೆಲವು ತಿಂಗಳು ಹುಡುಗ ಕುಸಿಯುತ್ತಾನೆ. ಮೈ ಇಳಿಯುತ್ತದೆ, ಯಾವುದರಲ್ಲೂ ಮನಸ್ಸಿರುವುದಿಲ್ಲ, ಸಾಯಬೇಕು ಅನ್ನಿಸಬಹುದು. ಆ ದಿನಗಳಲ್ಲಿ ಒಬ್ಬನನ್ನೇ ಬಿಡಬೇಡಿ. ಡಾಕ್ಟರ್ ಕಣ್ಣಳತೆಯಲ್ಲೇ ಇರಲಿ. ಆ ಸಮಯದಲ್ಲಿ ಕೊಡುವ ಕ್ಲೋಮಿಫೀನ್, ಟ್ಯಾಮೊಕ್ಸಿಫೆನ್ ಕೂಡ ನಿಷಿದ್ಧ ಪಟ್ಟಿಯಲ್ಲೇ ಇವೆ. ಆದ್ದರಿಂದ ಪಂದ್ಯದ ಮಾತು ಆಗ ಬೇಡ. ಮೊದಲು ಹುಡುಗ ಸರಿಯಾಗಲಿ.

ಮೂತ್ರ ಕೊಡುವ ದಿನ

ಜಾತ್ರೆ ಕುಸ್ತಿಯಲ್ಲಿ ಪರೀಕ್ಷೆ ಇರುವುದಿಲ್ಲ. ಅದಕ್ಕೇ ನಮ್ಮ ಹುಡುಗರಿಗೆ ಇದರ ರೂಢಿ ಇಲ್ಲ. ರಾಷ್ಟ್ರ ಮಟ್ಟಕ್ಕೆ ಹೋದ ದಿನವೇ ಮೊದಲ ಸಲ ನೋಡುತ್ತಾರೆ, ಹೆದರುತ್ತಾರೆ. ವಾಡಾದ ಲೆಕ್ಕದಲ್ಲಿ 2024ರಲ್ಲಿ ನಮ್ಮ ದೇಶದಿಂದ 7,113 ಸ್ಯಾಂಪಲ್ ಪರೀಕ್ಷೆಯಾಗಿ 260ರಲ್ಲಿ ನಿಷಿದ್ಧ ವಸ್ತು ಸಿಕ್ಕಿತು. ಈ ಅಂಕಿ ಇರುವಾಗ ಪರೀಕ್ಷೆ ಇನ್ನೂ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ.

ನನ್ನ ಅಕ್ಕನ ಮಗ ಹೋದ ವರ್ಷ ಒಂದು ರಾಷ್ಟ್ರೀಯ ಕೂಟದಲ್ಲಿ ಇದನ್ನು ಎದುರಿಸಿ ಬಂದ. ಹೋಗುವ ಮುಂಚೆ ಮನೆಯಲ್ಲೇ ಎರಡು ಸಲ ನಾಟಕದ ಹಾಗೆ ಅಭ್ಯಾಸ ಮಾಡಿಸಿದ್ದೆ. ನೀವೂ ಮಾಡಿಸಿ.

ಕುಸ್ತಿ ಮುಗಿಸಿ ಬರುತ್ತಿದ್ದ ಹಾಗೆ ಒಬ್ಬರು ಬಂದು, ನಿಮ್ಮನ್ನು ಪರೀಕ್ಷೆಗೆ ಆರಿಸಿದ್ದೇವೆ ಅನ್ನುತ್ತಾರೆ. ಅವರ ಗುರುತಿನ ಚೀಟಿ ನೋಡಿ ಸಹಿ ಹಾಕಬೇಕು. ಓಡಿ ಹೋಗಬಾರದು, ಕೊಡುವುದಿಲ್ಲ ಅನ್ನಲೂಬಾರದು. ಕೊಡದಿರುವುದಕ್ಕೂ ಸ್ಟೆರಾಯ್ಡಿನಷ್ಟೇ ಶಿಕ್ಷೆ. ಬಜರಂಗ್ ಪುನಿಯಾ 2024ರ ಮಾರ್ಚ್ 10ರಂದು ಸೋನೆಪತ್‌ನ ಆಯ್ಕೆ ಪಂದ್ಯದಲ್ಲಿ ಸ್ಯಾಂಪಲ್ ಕೊಡಲಿಲ್ಲ. ಹಿಂದೆ ಪರೀಕ್ಷೆಯವರು ಅವಧಿ ಮೀರಿದ ಕಿಟ್ ತಂದಿದ್ದರು, ಅದಕ್ಕೆ ಉತ್ತರ ಕೊಡಿ ಅನ್ನೋದು ಅವರ ವಾದ. ಆ ನವೆಂಬರ್‌ನಲ್ಲಿ ಅವರಿಗೆ 4 ವರ್ಷ ನಿಷೇಧ ಬಿತ್ತು. ಅಂಥ ಒಲಿಂಪಿಕ್ ಪದಕದ ಪೈಲ್ವಾನನಿಗೇ ಹೀಗಾದರೆ ನಮ್ಮ ಹುಡುಗರ ಮಾತು ಯಾರು ಕೇಳುತ್ತಾರೆ? ತಕರಾರು ಇದ್ದರೆ ಸ್ಯಾಂಪಲ್ ಕೊಟ್ಟು, ತಕರಾರನ್ನು ಫಾರ್ಮಿನಲ್ಲಿ ಬರೆಯಬೇಕು. ಅದಕ್ಕೆ ಜಾಗ ಇರುತ್ತದೆ.

ಸಹಿ ಹಾಕಿದ ಕ್ಷಣದಿಂದ ಆ ವ್ಯಕ್ತಿಯ ಕಣ್ಣ ಮುಂದೆಯೇ ಇರಬೇಕು. ಜೊತೆಗೆ ಕೋಚನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಬಹುದು. ಹದಿನೆಂಟು ತುಂಬದವರು ಖಂಡಿತ ಕರೆದುಕೊಂಡು ಹೋಗಲಿ. ಸೀಲ್ ಇರುವ ನೀರನ್ನು ತಾನೇ ಆರಿಸಿ, ತಾನೇ ತೆರೆದು ಕುಡಿಯಲಿ. ಗೆಳೆಯ ಕೊಟ್ಟ ಬಾಟಲಿ ಬೇಡ. ಬೇಗ ಬರಲಿ ಅಂತ ಮೂರು ಲೀಟರ್ ಕುಡಿಯಬಾರದು. ಮೂತ್ರ ತೀರಾ ನೀರಾದರೆ ಅದನ್ನು ಸಾಲದು ಅಂತ ಮತ್ತೊಂದು ಸಲ ಕೇಳುತ್ತಾರೆ. ಅಕ್ಕನ ಮಗನ ಜೊತೆಗಿದ್ದ ಹುಡುಗ ಹೀಗೇ ರಾತ್ರಿ ಹನ್ನೊಂದರವರೆಗೆ ಕೂತಿದ್ದನಂತೆ.

ಇನ್ನು ನಾಚಿಕೆಯ ಭಾಗ. ಗಂಡುಮಕ್ಕಳಿಗೆ ಗಂಡಸು, ಹೆಣ್ಣುಮಕ್ಕಳಿಗೆ ಹೆಂಗಸು ಅಧಿಕಾರಿ ಎದುರಿಗೆ ನಿಂತು ನೋಡುತ್ತಾರೆ. ಅಂಗಿ ಎದೆವರೆಗೆ ಎತ್ತಿ, ಚಡ್ಡಿ ಮೊಣಕಾಲಿನ ಹತ್ತಿರ ಇಳಿಸಿ, ಅಂಗಿಯ ತೋಳು ಮೇಲಕ್ಕೆ ಮಡಚಿ ನಿಲ್ಲಬೇಕು. ಇದು ಅವಮಾನ ಮಾಡಲಿಕ್ಕಲ್ಲ. ಬೇರೆಯವರ ಮೂತ್ರವನ್ನು ಬಚ್ಚಿಟ್ಟು ತಂದು ಸುರಿದವರು ಇದ್ದಾರೆ, ಅದಕ್ಕೆ. ಹೆಣ್ಣುಮಕ್ಕಳಿಗೆ ಇದನ್ನು ಅವ್ವನೋ ಅಕ್ಕನೋ ಮೊದಲೇ ಹೇಳಿ ಧೈರ್ಯ ತುಂಬಬೇಕು. ಅಲ್ಲಿ ಹೋಗಿ ಮೊದಲ ಸಲ ಕೇಳಿದರೆ ಅಳು ಬರುತ್ತದೆ.

ಕನಿಷ್ಠ 90 ಮಿಲಿಲೀಟರ್ ಬೇಕು. ಆಮೇಲೆ ಸೀಲ್ ಮಾಡಿದ ಕಿಟ್‌ಗಳಲ್ಲಿ ಒಂದನ್ನು ಹುಡುಗನೇ ಆರಿಸುತ್ತಾನೆ. ಒಳಗೆ ಎ ಮತ್ತು ಬಿ ಅಂತ ಎರಡು ಗಾಜಿನ ಬಾಟಲಿ. ಬಾಟಲಿಯ ನಂಬರ್, ಮುಚ್ಚಳದ ನಂಬರ್, ಡಬ್ಬದ ನಂಬರ್ ಒಂದೇ ಇದೆಯಾ ಅಂತ ಗಟ್ಟಿಯಾಗಿ ಓದಬೇಕು. ಅವಸರ ಮಾಡಬಾರದು. ತಾನೇ ಸುರಿಯಬೇಕು, ಬಿ ಬಾಟಲಿಗೆ 30, ಎ ಬಾಟಲಿಗೆ 60. ಮುಚ್ಚಳ ತಿರುಗಿಸುವಾಗ ಕಟ ಕಟ ಸದ್ದು ನಿಲ್ಲುವವರೆಗೂ ಬಿಗಿಯಬೇಕು, ತಲೆಕೆಳಗೆ ಮಾಡಿ ಸೋರುತ್ತಿಲ್ಲ ಅಂತ ನೋಡಬೇಕು. ಎ ಬಾಟಲಿಯಲ್ಲಿ ಏನಾದರೂ ಸಿಕ್ಕರೆ ಬಿ ಬಾಟಲಿಯನ್ನು ಪರೀಕ್ಷೆ ಮಾಡಿಸಲು ಕೇಳುವ ಹಕ್ಕು ಅವನದು.

ಕೊನೆಗೆ ಫಾರ್ಮ್. ಹಿಂದಿನ 7 ದಿನದಲ್ಲಿ ತೆಗೆದುಕೊಂಡ ಔಷಧ, ಪೌಡರ್ ಎಲ್ಲ ಬರೆಯಬೇಕು. ಇಲ್ಲಿ ವಹಿ ಹೊರಗೆ ಬರುತ್ತದೆ. ಅಕ್ಕನ ಮಗ ಬ್ಯಾಗಿನಿಂದ ತೆಗೆದು ನೋಡಿ ನೋಡಿ ಬರೆದನಂತೆ. ಎರಡು ಪ್ಯಾರಾಸಿಟಮಾಲ್, ಮೊಣಕಾಲಿಗೆ ಹಚ್ಚಿದ ಒಂದು ಮುಲಾಮು, ಒಂದು ಓಆರ್‌ಎಸ್ ಪೊಟ್ಟಣ. ಬ್ಯಾಚ್ ನಂಬರ್ ಸಮೇತ. ಪಕ್ಕದಲ್ಲಿದ್ದವನು ಅಮ್ಮನಿಗೆ ಫೋನ್ ಮಾಡಿ "ನನಗೆ ಯಾವ ಗುಳಿಗೆ ಕೊಟ್ಟಿದ್ದಿ?" ಅಂತ ಕೇಳುತ್ತಿದ್ದನಂತೆ.

ಎಲ್ಲ ಓದಿ ಸಹಿ ಹಾಕಿದ ಮೇಲೆ ಫಾರ್ಮಿನ ಒಂದು ಪ್ರತಿ ಕೊಡುತ್ತಾರೆ. ಅದನ್ನು ಜೇಬಿನಲ್ಲಿ ಮಡಚಿ ಇಟ್ಟರೆ ಬೆವರಿಗೆ ಅಳಿಸಿ ಹೋಗುತ್ತದೆ. ವಹಿಯ ಕೊನೆಯ ಪುಟಕ್ಕೆ ಅವತ್ತೇ ಅಂಟಿಸಿ, ಝೆರಾಕ್ಸ್ ಒಂದು ತೆಗೆಸಿ ಮನೆಯ ಟ್ರಂಕಿನಲ್ಲಿಡಿ. ಆ ಬಾಟಲಿಗಳನ್ನು ಅವರು 10 ವರ್ಷ ಇಟ್ಟುಕೊಂಡು ಮತ್ತೆ ಪರೀಕ್ಷೆ ಮಾಡಬಹುದು. ಹಾಗಾಗಿ ವಹಿಯೂ 10 ವರ್ಷ ಇರಲಿ. ರದ್ದಿ ಅಂಗಡಿಯವನು ಬಂದಾಗ ಹಳೆ ಪುಸ್ತಕಗಳ ಜೊತೆ ಹೋಗದ ಹಾಗೆ ಅವ್ವನಿಗೆ ಹೇಳಿಡಿ.